ಫ್ರೆಂಚ್ ಪೊಲೀಸನಿಗೆ ಕನ್ನಡ ಕಲಿಸಿದವರು

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಕ್ಲಿನಿಕ್ಕಿನಲ್ಲಿದ್ದೆ. ಕೈಗವಸು ಬಿಚ್ಚಿ ಫೋನು ಎತ್ತಿದರೆ ಊರಿನಿಂದ ಅವರ ಹೆಂಡತಿ. "ಬೆಳಿಗ್ಗೆ ಶಾಲೆಯ ವ್ಯಾನು ತೊಳೀತಾ ಇದ್ರು. ಹಾಗೇ ಕೂತ್ರು. ಮತ್ತೆ ಏಳ್ಲೇ ಇಲ್ಲ" ಎಂದರು. ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು. ಅದು ಇಳಿದ ಮೇಲೆ ಬರೆಯೋಣವೆಂದು ಕಾದೆ. ಇಳಿಯುವ ಲಕ್ಷಣ ಕಾಣಿಸುತ್ತಿಲ್ಲ, ಅದಕ್ಕೇ ಈಗ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಅವರ ತಮ್ಮನ ಮಗ ಈಗಲೂ ಇಲ್ಲೇ ಕುವೈತ್‌ನಲ್ಲಿ ದುಡಿಯುತ್ತಿದ್ದಾನೆ. ನನ್ನ ಸಿಟ್ಟಿನಿಂದ ಅವನ ಇಕಾಮಾಕ್ಕೆ, ಅಂದರೆ ಇಲ್ಲಿ ಇರುವ ಪರವಾನಗಿಗೆ, ತೊಂದರೆಯಾಗಬಾರದು. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ, ನನ್ನ ಮಗಳು ಮಾಮ ಎನ್ನುತ್ತಿದ್ದಳು. ಅಷ್ಟು ಸಾಕು.

ರಿಗ್ಗೈ ಬಡಾವಣೆಯಲ್ಲಿ ನಮ್ಮ ಫ್ಲಾಟಿನ ಎದುರು ಬಾಗಿಲು ಅವರದು. ಅವರದು ಎಂದರೆ, ಆ ಫ್ಲಾಟಿನ ಒಂದು ಕೋಣೆಯ ಅರ್ಧ ಭಾಗ. ಉಳಿದರ್ಧದಲ್ಲಿ ಒಬ್ಬ ಮಲಯಾಳಿ ಇದ್ದ. ಅಣ್ಣ ಕಾರ್ಕಳದ ಕಡೆಯವರು. ಒಂದು ಕಟ್ಟಡ ಕಂಪನಿಯಲ್ಲಿ ಬಸ್ ಡ್ರೈವರ್. ಮಹಬೂಲಾದ ಕ್ಯಾಂಪಿನಿಂದ ಕೆಲಸಗಾರರನ್ನು ಬೆಳಿಗ್ಗೆ ಸೈಟಿಗೆ ಒಯ್ಯುವುದು, ಸಂಜೆ ತಂದು ಬಿಡುವುದು. ಕುಳ್ಳಗೆ, ಗಟ್ಟಿಯಾಗಿ, ಹುಬ್ಬು ಸದಾ ಗಂಟಿಕ್ಕಿಕೊಂಡು ಇರುತ್ತಿದ್ದರು. ಅವರ ಮುಖ ನೋಡಿದವರು ಮೊದಲು ಕೇಳುತ್ತಿದ್ದದ್ದೇ "ಏನಾಯ್ತು?" ಎಂದು. ಏನೂ ಆಗಿರುತ್ತಿರಲಿಲ್ಲ. ಮುಖವೇ ಹಾಗೆ.

ಮೊದಲ ಪರಿಚಯ ಆದದ್ದು ಲಿಫ್ಟ್ ಕೆಟ್ಟಿದ್ದಾಗ. ನಾನು ಗ್ಯಾಸ್ ಸಿಲಿಂಡರ್ ಪಕ್ಕದಲ್ಲಿ ಇಟ್ಟುಕೊಂಡು ಮೆಟ್ಟಿಲ ಬುಡದಲ್ಲಿ ನಿಂತಿದ್ದೆ. ಅವರು ಬಂದವರೇ ಒಂದು ಮಾತೂ ಕೇಳದೆ ಸಿಲಿಂಡರ್ ಹೆಗಲಿಗೇರಿಸಿಕೊಂಡು ಹತ್ತತೊಡಗಿದರು. ಹತ್ತುವಷ್ಟು ಹೊತ್ತೂ ನನಗೆ ಬೈದರು.

"ಎಂತ ಮಾರಾಯ್ತಿ, ಲಿಫ್ಟ್ ಹಾಳಾಗಿ ಎಷ್ಟು ಸಮಯ ಆಯ್ತು! ಇಡೀ ಬಿಲ್ಡಿಂಗಲ್ಲಿ ಒಬ್ರೂ ಬಾಯಿ ಬಿಡುದಿಲ್ಲ. ಹಾರಿಸ್‌ನ ಹತ್ರ ಹೋಗಿ ಕೇಳ್ಲಿಕ್ಕೆ ಎಂತ ನಾಚಿಕೆ ನಿಮ್ಗೆ? ಬಾಡಿಗೆ ಕೊಡುದಿಲ್ವಾ?"

ಹಾರಿಸ್ ಎಂದರೆ ಕಟ್ಟಡದ ಕಾವಲುಗಾರ. ಸಿಲಿಂಡರನ್ನು ಅಡಿಗೆಮನೆಯಲ್ಲಿ ಇಳಿಸಿ, ನಾನು ಕೊಟ್ಟ ನೀರನ್ನೂ ಕುಡಿಯದೆ ಹಾಗೇ ಕೆಳಗಿಳಿದು ಹೋಗಿ ಅವನ ಹತ್ತಿರ ಜಗಳ ತೆಗೆದರು. ಮರುದಿನ ಲಿಫ್ಟ್ ಸರಿಯಾಯಿತು. ಅವರು ಮಾತ್ರ ಮೆಟ್ಟಿಲನ್ನೇ ಹತ್ತುತ್ತಿದ್ದರು. "ಒಮ್ಮೆ ನಂಬಿಕೆ ಹೋಯ್ತಲ್ಲ" ಎನ್ನುತ್ತಿದ್ದರು.

ಒಳ್ಳೆಯವರು ಎಂದು ಬರೆದುಬಿಟ್ಟರೆ ಅವರಿಗೇ ಸಿಟ್ಟು ಬರುತ್ತದೆ. ಕಾರು ನಿಲ್ಲಿಸುವ ಜಾಗದ ವಿಷಯಕ್ಕೆ ನನ್ನ ಗಂಡನ ಜೊತೆ ಜಗಳವಾಡಿ ಬಹಳ ದಿನ ಮಾತು ಬಿಟ್ಟಿದ್ದರು. ಪಾಪದ ಆ ಮಲಯಾಳಿ ಹಾಡು ಗುನುಗಿದರೂ ಸಹಿಸುತ್ತಿರಲಿಲ್ಲ. ಊರಿಗೆ ಫೋನು ಮಾಡಿ ಹೆಂಡತಿಯ ಮೇಲೆ ಕಿರುಚುವುದು ನಮ್ಮ ಹಾಲ್‌ವರೆಗೆ ಕೇಳಿಸುತ್ತಿತ್ತು.

ಇಂಥ ಮನುಷ್ಯ ಜನರನ್ನು ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿದ್ದರು ಎಂದರೆ ಯಾರು ನಂಬುತ್ತಾರೆ?

ಬಸ್ ಓಡಿಸುವ ಮೊದಲು ಅವರು ಫಹಾಹೀಲ್‌ನಲ್ಲಿದ್ದ ಒಂದು ಫ್ರೆಂಚ್ ಕುಟುಂಬಕ್ಕೆ ಡ್ರೈವರ್ ಆಗಿದ್ದರು. ಆ ಕುಟುಂಬ ದೇಶ ಬಿಟ್ಟು ಹೋಗುವಾಗ ಮನೆಯೊಡತಿ ಹಳೆಯ ಮಿಕ್ಸರು, ಎರಡು ಕಂಬಳಿ, ಒಂದು ರಟ್ಟಿನ ಪೆಟ್ಟಿಗೆ ಕೊಟ್ಟು ಹೋಗಿದ್ದಳಂತೆ. ಪೆಟ್ಟಿಗೆಯ ತುಂಬ ಸಿನಿಮಾ ಡಿಸ್ಕುಗಳು. ಉಳಿದವೆಲ್ಲ ಗಂಡಸರೂ ಹೆಂಗಸರೂ ಕಿಟಕಿಯ ಬಳಿ ಕೂತು ಸಿಗರೇಟು ಸೇದುವ ಸಿನಿಮಾಗಳು, ಒಂದೇ ಒಂದು ಪೊಲೀಸರದ್ದು ಎನ್ನುತ್ತಿದ್ದರು. ಫ್ರಾನ್ಸಿನಲ್ಲಿ ಅಜ್ಜಂದಿರ ಕಾಲದಿಂದ ಎಲ್ಲರೂ ನೋಡಿ ನಕ್ಕ ಹಳೆಯ ಹಾಸ್ಯ ಚಿತ್ರವಂತೆ ಅದು. ಅಣ್ಣನಿಗೆ ಫ್ರೆಂಚ್‌ನಲ್ಲಿ ಬರುತ್ತಿದ್ದದ್ದು ನಮಸ್ಕಾರ ಹೇಳುವ ಒಂದು ಶಬ್ದ ಮಾತ್ರ. ಆ ಡಿಸ್ಕಿನಲ್ಲಿ ಬೇರೆ ಯಾವ ಭಾಷೆಯ ಅಕ್ಷರವೂ ಮೂಡುತ್ತಿರಲಿಲ್ಲ.

ಒಂದು ಶುಕ್ರವಾರ ನಮ್ಮ ಮನೆಯ ದೊಡ್ಡ ಟಿವಿಯಲ್ಲಿ ಅದನ್ನು ಹಾಕಿದೆವು. ಸಣ್ಣ ಊರಿನ ಪೊಲೀಸ್ ಠಾಣೆ. ಮೀಸೆಯ ಒಬ್ಬ ಆಫೀಸರ್, ಅವನ ಕೆಳಗೆ ಪಾಪದ ನಾಲ್ಕು ಕಾನ್‌ಸ್ಟೇಬಲ್‌ಗಳು. ಊರಿನ ಮೇಯರನ ಹೆಂಡತಿ ಸಾಕಿದ ಬಾತುಕೋಳಿ ಕಾಣೆಯಾಗುತ್ತದೆ. ಆಫೀಸರ್ ಇಡೀ ಠಾಣೆಯನ್ನೇ ಬಾತುಕೋಳಿಯ ಹಿಂದೆ ಅಟ್ಟುತ್ತಾನೆ. ಕಳ್ಳರು ಅತ್ತ ಬ್ಯಾಂಕನ್ನು ಆರಾಮವಾಗಿ ದೋಚುತ್ತಾರೆ. ಕಾನ್‌ಸ್ಟೇಬಲ್‌ಗಳ ಮುಂದೆ ಹುಲಿಯಂತಿರುವ ಆಫೀಸರ್ ಮೇಲಧಿಕಾರಿಯ ಫೋನು ಬಂದ ಕೂಡಲೇ ಎದ್ದು ನಿಂತು ಫೋನಿಗೇ ಸಲ್ಯೂಟ್ ಹೊಡೆಯುತ್ತಾನೆ, ಟೊಪ್ಪಿ ಸರಿಮಾಡಿಕೊಳ್ಳುತ್ತಾನೆ.

ನನ್ನ ಮಗಳು ಆಗ ಇನ್ನೂ ಸಣ್ಣವಳು. "ಮಾಮಾ, ವಾಟ್ ಈಸ್ ಹಿ ಸೇಯಿಂಗ್?" ಎಂದು ಕೇಳಿದಳು.

ಅಣ್ಣ ಎದ್ದು ಟಿವಿಯ ಪಕ್ಕ ನಿಂತರು. ಗಂಟಲು ಸರಿಮಾಡಿಕೊಂಡರು. ಆಫೀಸರನ ಬಾಯಿ ತೆರೆದಾಗ ಇವರ ಬಾಯಿ ತೆರೆಯಿತು. "ಯಲ್ಲಾ ಯಲ್ಲಾ! ಬಾತುಕೋಳಿಯ ಇಕಾಮಾ ಎಲ್ಲುಂಟು? ಅದಕ್ಕೆ ವೀಸಾ ಕೊಟ್ಟ ಕಫೀಲ್ ಯಾರು? ಬ್ಯಾಂಕು ಹೋದ್ರೆ ಬೇರೆ ಬ್ಯಾಂಕು ಉಂಟು ಮಾರಾಯ, ಮೇಯರಮ್ಮನಿಗೆ ಸಿಟ್ಟು ಬಂದ್ರೆ ನನ್ಗೆ ಬೇರೆ ಕೆಲಸ ಉಂಟಾ?"

ನಾವು ಸೋಫಾದಿಂದ ಕೆಳಗೆ ಬಿದ್ದು ನಕ್ಕೆವು. ಮಾತು ಬಿಟ್ಟಿದ್ದ ನನ್ನ ಗಂಡನೂ ನಕ್ಕರು, ಅಲ್ಲಿಗೆ ಆ ಜಗಳವೂ ಮುಗಿಯಿತು. ಅಣ್ಣ ಮಾತ್ರ ನಗಲಿಲ್ಲ. ಯಾವತ್ತೂ ನಗುತ್ತಿರಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದಕ್ಕೆ "ನಕ್ರೆ ಸಿಟ್ಟು ಖರ್ಚಾಗ್ತದೆ ತಂಗೀ, ಮತ್ತೆ ಮಾತಾಡ್ಲಿಕ್ಕೆ ಎಂತ ಉಳೀತದೆ?" ಎಂದಿದ್ದರು.

ಅಂದಿನಿಂದ ಅದು ಅವರ ಕಸುಬಾಯಿತು. ಯಾರದೇ ಮನೆಯಲ್ಲಿ ಕೂಟವಿದ್ದರೂ ಅಣ್ಣನೂ ಡಿಸ್ಕೂ ಬರಬೇಕು. ಸಿನಿಮಾ ಅದೇ, ಮಾತು ಮಾತ್ರ ಪ್ರತಿ ಸಲ ಬೇರೆ. ಕೇಳುವವರು ತುಳುವಿನವರಾದರೆ ತುಳು, ಎಲ್ಲರೂ ಕಲೆತಿದ್ದರೆ ಕನ್ನಡ. ನಮ್ಮ ಬ್ಯಾರಿ ಭಾಷೆಯಲ್ಲೂ ಒಂದು ಸಲ ಮಾಡಿದರು, ಅರ್ಧಕ್ಕರ್ಧ ತಪ್ಪು. ಅದಕ್ಕೆ ಬಿದ್ದ ನಗು ಇನ್ನೂ ಜೋರು. ನನ್ನ ಮಗಳು ದೊಡ್ಡವಳಾಗಿ ಶಾಲೆಯಲ್ಲಿ ಫ್ರೆಂಚ್ ತೆಗೆದುಕೊಂಡ ಮೇಲೆ ಒಂದು ದಿನ ಗಂಭೀರವಾಗಿ ಹೇಳಿದಳು: "ಮಾಮಾ, ಹಿ ನೆವರ್ ಸೆಡ್ ದಟ್. ಅವನು ಬರೀ ಗುಡ್ ಮಾರ್ನಿಂಗ್ ಹೇಳಿದ್ದು."

"ಹೇಳ್ಲಿಲ್ಲ, ಸರಿ" ಎಂದರು ಅಣ್ಣ. "ಆದ್ರೆ ಹೇಳ್ಬೇಕಿತ್ತು."

ಹೆಂಡತಿಯ ಮೇಲೆ ಕಿರುಚುವ ಬಗ್ಗೆ ನಾನು ಅವರನ್ನು ತರಾಟೆಗೆ ತೆಗೆದುಕೊಂಡದ್ದೂ ಆ ದಿನಗಳಲ್ಲೇ. "ಅತ್ತಿಗೆಗೆ ಯಾಕೆ ಅಷ್ಟು ಬೈತೀರಿ ಅಣ್ಣ? ಅವರು ಎಂತ ಮಾಡಿದ್ದಾರೆ?" ಎಂದೆ.

"ಕಂಪನಿಯಲ್ಲಿ ಕಿರುಚ್ಲಿಕ್ಕೆ ಆಗುದಿಲ್ಲ. ಅದಕ್ಕೆ."

"ಹಾಗಾದ್ರೆ ಆ ಮೀಸೆಯವನಿಗೂ ನಿಮಗೂ ಎಂತ ವ್ಯತ್ಯಾಸ?"

ಸಿಟ್ಟಾಗುತ್ತಾರೆ ಅಂದುಕೊಂಡೆ. ಆಗಲಿಲ್ಲ. "ವ್ಯತ್ಯಾಸ ಇಲ್ಲ" ಎಂದು ಹೇಳಿ ಹೋದರು. ಎದುರು ಬಾಗಿಲಿನ ಫೋನು ಆಮೇಲೆ ತಗ್ಗಿದ ದನಿಯಲ್ಲಿ ಮಾತಾಡತೊಡಗಿತು. ತನ್ನ ತಪ್ಪನ್ನು ಒಂದೇ ಮಾತಿಗೆ ಒಪ್ಪಿಕೊಳ್ಳುವ ಗಂಡಸನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೂ ಹೆಚ್ಚು ನೋಡಿಲ್ಲ.

ಈಗ ಇನ್ನೊಬ್ಬರ ಬಗ್ಗೆ ಹೇಳಬೇಕು. ಅವರ ಹೆಸರೂ ಬೇಡ, ಅಧ್ಯಕ್ಷರು ಎಂದರೆ ಸಾಕು. ನಮ್ಮ ಊರ ಕಡೆಯವರ ಒಂದು ಸಂಘಕ್ಕೆ ಅವರು ವರ್ಷಾನುಗಟ್ಟಲೆಯಿಂದ ಅಧ್ಯಕ್ಷರು. ಅಣ್ಣ ಬಸ್ ಓಡಿಸುತ್ತಿದ್ದ ಕಂಪನಿಯಲ್ಲಿ ಅವರೇ ಮ್ಯಾನೇಜರ್. ಕೆಲಸಗಾರರು, ಬಸ್ಸು, ಕ್ಯಾಂಪು ಎಲ್ಲ ಅವರ ಕೈಯಲ್ಲಿ. ವೇದಿಕೆಯ ಮೇಲೆ ಅವರಷ್ಟು ಚೆನ್ನಾಗಿ "ಕನ್ನಡ ತಾಯಿ" ಎನ್ನುವವರು ಈ ಮರಳುಗಾಡಿನಲ್ಲಿ ಮತ್ತೊಬ್ಬರಿಲ್ಲ. ಕಂಪನಿಯ ಅರಬ್ ಯಜಮಾನ ಎದುರಾದರೆ ಅವರ ಬೆನ್ನು ತಾನಾಗಿ ಬಾಗುತ್ತಿತ್ತು. ಕ್ಯಾಂಪಿನ ಬಾಗಿಲಿಗೆ ಬಂದರೆ ತಾನಾಗಿ ನೆಟ್ಟಗಾಗುತ್ತಿತ್ತು.

ಮಹಬೂಲಾದ ಕ್ಯಾಂಪಿನಲ್ಲಿ ಆಗಾಗ ಶುಕ್ರವಾರ ಆರೋಗ್ಯ ತಪಾಸಣೆ ಇಡಿಸಿದ್ದು ಅವರ ಸಂಘವೇ. ನಾನು ಲ್ಯಾಬ್ ಟೆಕ್ನಿಷಿಯನ್ ಆದ್ದರಿಂದ ರಕ್ತದೊತ್ತಡ, ಸಕ್ಕರೆ ನೋಡಲು ಹೋಗುತ್ತಿದ್ದೆ. ಸುಮ್ಮನೆ ತಪಾಸಣೆ ಎಂದರೆ ಯಾರೂ ಬರುವುದಿಲ್ಲ, ಆಮೇಲೆ ಸಿನಿಮಾ ಉಂಟು ಎಂದರೆ ಮೆಸ್ ತುಂಬುತ್ತಿತ್ತು. ನನ್ನ ಗಂಡ ಜುಮಾ ನಮಾಜು ಮುಗಿಸಿ ತಮ್ಮ ಅಂಗಡಿಯ ಪ್ರೊಜೆಕ್ಟರ್ ಹೊತ್ತು ತರುತ್ತಿದ್ದರು. ಗೋಡೆಗೆ ಬಿಳಿ ಬೆಡ್‌ಶೀಟು. ಪಕ್ಕದಲ್ಲಿ ಅಣ್ಣ.

ಅಲ್ಲಿ ಬಿದ್ದಂಥ ನಗುವನ್ನು ನಾನು ಬೇರೆಲ್ಲೂ ಕೇಳಿಲ್ಲ. ಗದಗದ ಶಿವಪ್ಪನೆಂಬ ಗಾರೆ ಕೆಲಸದವನು ಪ್ರತಿ ಸಲವೂ ಮುಂದೆಯೇ ನೆಲದ ಮೇಲೆ ಕೂರುತ್ತಿದ್ದ. ಫೋನಿಗೆ ಸಲ್ಯೂಟ್ ಹೊಡೆಯುವಲ್ಲಿ ತೊಡೆ ತಟ್ಟಿಕೊಂಡು, "ಅಣ್ಣಾರ, ಇಂವ ನಮ್ಮ ಮ್ಯಾನೇಜರ್‌ನ ತಮ್ಮ ಅದಾನ್ ನೋಡ್ರೀ!" ಎಂದು ಕೂಗಿದ್ದ. ಮೆಸ್ಸೇ ಸ್ಫೋಟವಾದಂತೆ ನಕ್ಕಿತು. ಮುಂದಿನ ಕುರ್ಚಿಯಲ್ಲಿ ಕೂತಿದ್ದ ಅಧ್ಯಕ್ಷರೂ ನಕ್ಕರು. ಯಾವ ಮ್ಯಾನೇಜರ್ ಎಂದು ಅವರಿಗೆ ಹೊಳೆದಿರಲಿಲ್ಲ. ಪ್ರತಿಯೊಬ್ಬರಿಗೂ ಆ ಮೀಸೆಯವನು ಇನ್ನೊಬ್ಬನೇ ಆಗಿರುತ್ತಾನೆ.

ಆ ಬೇಸಿಗೆ ಶಿವಪ್ಪ ಸತ್ತ.

ಬೇಸಿಗೆಯ ನಡುಮಧ್ಯಾಹ್ನ ಬಯಲಿನಲ್ಲಿ ಕೆಲಸ ಮಾಡಿಸಬಾರದೆಂದು ಈ ದೇಶದಲ್ಲಿ ಕಾನೂನಿದೆ. ಕಾನೂನು ಮಾಡಿದವರು ಇಲ್ಲಿನವರು. ಅದಕ್ಕೆ ಸಂದು ಹುಡುಕಿದವರು ನಮ್ಮವರು. ಮೇಲೊಂದು ತಗಡು ಹೊದಿಸಿ, ಇದು ಬಯಲಲ್ಲ, ನೆರಳು ಎಂದರು. ಆ ತಗಡಿನ ಅಡಿಯಲ್ಲಿ ಶಿವಪ್ಪನಿಗೆ ತಲೆ ತಿರುಗಿತು, ಮಾತು ತೊದಲಿತು. ಬೆವರು ನಿಂತು ಮೈ ಕಾದ ಹಂಚಿನಂತಾಯಿತು. ಜೊತೆಯವರು ಅವನನ್ನು ಎತ್ತಿ ತಂದು ಸೈಟಿನಲ್ಲೇ ನಿಲ್ಲಿಸಿದ್ದ ಅಣ್ಣನ ಬಸ್ಸಿನಲ್ಲಿ ಮಲಗಿಸಿ ತಾವೂ ಹತ್ತಿದರು. ಅಣ್ಣ ಅಧ್ಯಕ್ಷರಿಗೆ ಫೋನು ಮಾಡಿದರು. ಕೈಯಲ್ಲಿ ಸ್ಟೇರಿಂಗ್ ಇದ್ದದ್ದರಿಂದ ಸ್ಪೀಕರಿಗೆ ಹಾಕಿದ್ದರು. ಬಸ್ಸಿನಲ್ಲಿದ್ದವರೆಲ್ಲ ಉತ್ತರ ಕೇಳಿಸಿಕೊಂಡರು.

"ನಾಟಕ ಮಾಡ್ತಾನೆ. ರೂಮಲ್ಲಿ ಮಲಗಿಸು, ನಾಳೆ ಸರಿ ಹೋಗ್ತಾನೆ. ನೀನು ರೂಟ್ ಬಿಟ್ರೆ ಜಾಗ್ರತೆ."

ಅಣ್ಣ ರೂಟ್ ಬಿಟ್ಟರು. ಹಾರ್ನಿನ ಮೇಲಿಂದ ಕೈ ತೆಗೆಯದೆ ಬಸ್ಸನ್ನು ನೇರ ಆಸ್ಪತ್ರೆಗೆ ನುಗ್ಗಿಸಿದರು. ಅಲ್ಲಿನ ಡಾಕ್ಟರು, ನರ್ಸುಗಳು ಓಡಿ ಬಂದರು, ಕೈಲಾದದ್ದೆಲ್ಲ ಮಾಡಿದರು. ಆದರೆ ಸೈಟಿನಲ್ಲಿ ಹೋದ ಹೊತ್ತು ಹಿಂದಕ್ಕೆ ಬರಲಿಲ್ಲ. ಸಂಜೆಯ ಒಳಗೆ ಎಲ್ಲ ಮುಗಿಯಿತು.

ಶಿವಪ್ಪನಿಗೆ ಮೊದಲಿನಿಂದಲೇ ಹೃದಯದ ಕಾಯಿಲೆ ಇತ್ತು, ಮುಚ್ಚಿಟ್ಟಿದ್ದ ಎಂದು ಕಂಪನಿಯಲ್ಲಿ ಸುದ್ದಿ ಹಬ್ಬಿಸಿದರು. ನಾನು ನೆಟ್ಟಗೆ ಅಧ್ಯಕ್ಷರ ಆಫೀಸಿಗೆ ಹೋದೆ. "ಸರ್, ನಿಮ್ಮದೇ ಕ್ಯಾಂಪಿನಲ್ಲಿ ನಾನೇ ಅವನನ್ನು ನೋಡಿದ್ದೇನೆ. ಬಿಪಿ, ಶುಗರ್ ಎಲ್ಲ ಸರಿ ಇತ್ತು. ಯಾವ ಕಾಯಿಲೆಯ ಮಾತನ್ನೂ ಅವನು ಆಡಿರಲಿಲ್ಲ. ಹೀಗೆಲ್ಲ ಹೇಳಬೇಡಿ" ಎಂದೆ.

ಅವರು ನಗುತ್ತಾ ನನಗೆ ಚಹಾ ತರಿಸಿದರು. "ಸಿಸ್ಟರ್, ನಿಮ್ಮ ಕ್ಲಿನಿಕ್ಕಿಗೆ ಮೆಡಿಕಲ್‌ಗೆ ಜನ ಕಳಿಸುವುದು ನಮ್ಮ ಕಂಪನಿಯೇ ಅಲ್ವಾ? ನಿಮ್ಮ ಡಾಕ್ಟರು ನನಗೆ ಒಳ್ಳೆ ದೋಸ್ತು. ಚಹಾ ಕುಡೀರಿ."

ನಾನು ಕುಡಿಯಲಿಲ್ಲ. ಎದ್ದು ಬಂದು ಸಂಘದ ವಾಟ್ಸಾಪ್ ಗುಂಪಿನಲ್ಲಿ ಅದನ್ನೇ ಬರೆದೆ. ಬರೆದ ಚಣವೇ ನನ್ನನ್ನು ಗುಂಪಿನಿಂದ ತೆಗೆದರು.

ಅಣ್ಣ ಆ ದಿನಗಳಲ್ಲಿ ಯಾರಿಗೂ ಬೈಯುತ್ತಿರಲಿಲ್ಲ. ನನಗೆ ಅದೇ ಹೆದರಿಕೆ ಹುಟ್ಟಿಸಿತ್ತು. ಮುಂದಿನ ತಪಾಸಣೆಯ ಶುಕ್ರವಾರ ಬಂದಾಗ, ಸಿನಿಮಾ ಬೇಡವೆಂದು ನಾವೆಲ್ಲ ಅಂದುಕೊಂಡಿದ್ದೆವು. ಅಧ್ಯಕ್ಷರೇ ಬೇಕೆಂದರು. "ಹುಡುಗರ ಮನಸ್ಸು ಭಾರ ಆಗಿದೆ, ಸ್ವಲ್ಪ ನಗಲಿ" ಎಂದರು. ಅಣ್ಣ ಡಿಸ್ಕು ತಂದರು.

ಮೊದಲರ್ಧ ಮಾಮೂಲಿನಂತೆಯೇ ಹೋಯಿತು. ಜನ ಅರ್ಧ ಮನಸ್ಸಿನಿಂದ ನಕ್ಕರು. ಆಮೇಲೆ ಕವಾಯತಿನ ದೃಶ್ಯ ಬಂತು. ಬಾತುಕೋಳಿ ಸಿಗದ ಸಿಟ್ಟಿಗೆ ಆಫೀಸರ್ ಕಾನ್‌ಸ್ಟೇಬಲ್‌ಗಳನ್ನು ಬಿಸಿಲಿನಲ್ಲಿ ನಿಲ್ಲಿಸುತ್ತಾನೆ, ಅವರಲ್ಲಿ ದಪ್ಪನೆಯವನು ದೊಪ್ಪೆಂದು ಬೀಳುತ್ತಾನೆ. ಮೊದಲೆಲ್ಲ ಅಣ್ಣ ಅಲ್ಲಿ, "ಏಳೋ, ಇದು ನಿನ್ನ ಮಾವನ ಮನೆಯಾ?" ಎನ್ನುತ್ತಿದ್ದರು. ಆ ದಿನ ಆಫೀಸರ್ ಬಗ್ಗಿ ನೋಡಿ ಬಾಯಿ ತೆರೆದಾಗ ಬೆಡ್‌ಶೀಟಿನ ಪಕ್ಕದಿಂದ ಅಧ್ಯಕ್ಷರ ಧ್ವನಿಯೇ ಬಂತು. ಅದೇ ರಾಗ, ಅದೇ ಎಳೆತ.

"ನಾಟಕ ಮಾಡ್ತಾನೆ. ರೂಮಲ್ಲಿ ಮಲಗಿಸು, ನಾಳೆ ಸರಿ ಹೋಗ್ತಾನೆ."

ಯಾರೋ ಒಬ್ಬ ಅಭ್ಯಾಸಬಲದಿಂದ ನಗಲು ಹೊರಟು ನಿಲ್ಲಿಸಿದ. ಬಸ್ಸಿನಲ್ಲಿದ್ದವರೆಲ್ಲ ಆ ಮೆಸ್ಸಿನಲ್ಲಿದ್ದರು. ಒಬ್ಬೊಬ್ಬರಾಗಿ ಬೆಡ್‌ಶೀಟಿನಿಂದ ಕಣ್ಣು ತೆಗೆದು ಮುಂದಿನ ಕುರ್ಚಿಯತ್ತ ನೋಡತೊಡಗಿದರು. ಅಧ್ಯಕ್ಷರು ಎದ್ದರು. "ಲೈಟ್ ಹಾಕಿ" ಎಂದರು. ಯಾರೂ ಹಾಕಲಿಲ್ಲ. ಕತ್ತಲಲ್ಲೇ ಕುರ್ಚಿಗಳನ್ನು ಎಡವಿಕೊಂಡು ಹೊರಗೆ ಹೋದರು. ಗೋಡೆಯ ಮೇಲೆ ಮೀಸೆಯವನು ಇನ್ನೂ ಬಾಯಿ ಆಡಿಸುತ್ತಿದ್ದ. ಅಣ್ಣ ಅವನಿಗೆ ಮತ್ತೆ ಮಾತು ಕೊಡಲಿಲ್ಲ.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಅದು ಕ್ಯಾಂಪಿನಿಂದ ಕ್ಯಾಂಪಿಗೆ ಹೋಯಿತು. ಕೆಲವು ದಿನಗಳಲ್ಲಿ ಅಣ್ಣನಿಗೆ ಪೊಲೀಸ್ ಠಾಣೆಯಿಂದ ಕರೆ ಬಂತು: ಈ ದೇಶದ ಪೊಲೀಸರನ್ನು ಗೇಲಿ ಮಾಡುತ್ತಿದ್ದಾನೆ, ಕೆಲಸಗಾರರನ್ನು ಗುಂಪು ಕಟ್ಟುತ್ತಿದ್ದಾನೆ ಎಂದು ದೂರು. ನನ್ನ ಗಂಡನಿಗೆ ಅರಬ್ಬಿ ಚೆನ್ನಾಗಿ ಬರುತ್ತದೆ, ಅವರೂ ಜೊತೆಗೆ ಹೋದರು.

ಅಲ್ಲಿದ್ದದ್ದು ನರೆತ ಗಡ್ಡದ ಒಬ್ಬ ಅಧಿಕಾರಿಯಂತೆ. ವಿಡಿಯೋ ತೋರಿಸಿ ಎಂದರಂತೆ. ಹಿಡಿದವರು ಮೊದಲಿನಿಂದಲೇ ಹಿಡಿದಿದ್ದರಿಂದ ಅದರಲ್ಲಿ ಫೋನಿನ ಸಲ್ಯೂಟೂ ಇತ್ತು. ಅಧಿಕಾರಿಯ ಭುಜ ಕುಲುಕತೊಡಗಿತು. ಪಕ್ಕದ ಟೇಬಲಿನವನನ್ನು ಕರೆದು, ಇದನ್ನು ನೋಡು ಎಂದು ಮತ್ತೊಮ್ಮೆ ಹಾಕಿದರಂತೆ. ಕೊನೆಗೆ ಕಣ್ಣೊರೆಸಿಕೊಂಡು ನನ್ನ ಗಂಡನಿಗೆ ಹೇಳಿದರಂತೆ: "ನಮ್ಮ ಪೊಲೀಸರು ಇಂಥ ಟೊಪ್ಪಿ ಹಾಕುವುದಿಲ್ಲ. ಇದು ಬೇರೆ ಯಾರೋ. ಖಲಾಸ್, ಹೋಗಿ." ಇವರು ಎದ್ದು ಬರುವಾಗ ಕೇಳಿದರಂತೆ, "ದೂರು ಕೊಟ್ಟವನು ನಿಮ್ಮ ಊರಿನವನೇ. ಯಾಕೆ?"

ನನ್ನ ಗಂಡ ಅಣ್ಣನನ್ನು ಕರೆದುಕೊಂಡು ಮನೆಗೆ ಬಂದರು.

ಇಲ್ಲಿಗೆ ಮುಗಿಯಬೇಕಿತ್ತು. ಪೊಲೀಸರು ಬಿಟ್ಟರು, ನಮ್ಮವರು ಬಿಡಲಿಲ್ಲ. ಇಕಾಮಾ ಕ್ಯಾನ್ಸಲ್ ಮಾಡುತ್ತೇವೆ, ಇಲ್ಲದಿದ್ದರೆ ಸಂಘದ ವಾರ್ಷಿಕೋತ್ಸವದಲ್ಲಿ ಎಲ್ಲರ ಎದುರು ಕ್ಷಮೆ ಕೇಳು ಎಂದು ಕಂಪನಿಯಿಂದ ಮಾತು ಬಂತು. ಎಷ್ಟು ಜನ ಬಂದರು ಬುದ್ಧಿ ಹೇಳಲು! ಒಬ್ಬರು ಮಗಳ ಕಾಲೇಜು ನೆನಪಿಸಿದರು, ಇನ್ನೊಬ್ಬರು ಕಟ್ಟುತ್ತಿದ್ದ ಮನೆ ನೆನಪಿಸಿದರು. "ಒಂದು ‘ಸಾರಿ’ ಹೇಳಿದ್ರೆ ಎಂತ ಹೋಗ್ತದೆ?" ಎನ್ನುವುದೇ ಎಲ್ಲರ ಬಾಯಲ್ಲಿ. ಶಿವಪ್ಪನ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. ಇವರೆಲ್ಲ ಓದಿದವರು, ಎಂಜಿನಿಯರುಗಳು, ಬ್ಯಾಂಕಿನವರು. ಮಕ್ಕಳಿಗೆ ಪ್ರಾಮಾಣಿಕತೆಯ ಮೇಲೆ ಭಾಷಣ ಬರೆದುಕೊಡುವವರು.

ಅಣ್ಣ ನನ್ನನ್ನು ಕೇಳಿದರು, "ಹೇಳ್ಲಾ ತಂಗೀ?"

"ನನಗೆ ಗೊತ್ತಿಲ್ಲ ಅಣ್ಣ. ಮನೆ ನಡೀಬೇಕಲ್ಲ, ಹೇಳಿದ್ರೂ ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ" ಎಂದೆ. ನಿಜವಾಗಿಯೂ ಇರುತ್ತಿರಲಿಲ್ಲ.

ವಾರ್ಷಿಕೋತ್ಸವಕ್ಕೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದರು. ಮಕ್ಕಳ ನೃತ್ಯದ ಬಳಿಕ ಅವರನ್ನು ಮೈಕಿನ ಮುಂದೆ ನಿಲ್ಲಿಸಿದರು. ಅಧ್ಯಕ್ಷರು ಅಲ್ಲೇ ಮೆತ್ತೆಯ ಕುರ್ಚಿಯಲ್ಲಿ ಕ್ಷಮಿಸಲು ಸಿದ್ಧರಾಗಿ ಕೂತಿದ್ದರು. ಅಣ್ಣ ಅವರತ್ತ ತಿರುಗಿ ಕೈಮುಗಿದರು.

"ಕ್ಯಾಂಪಿನಲ್ಲಿ ನಾನು ಹೇಳಿದ ಮಾತು ನನ್ನದಲ್ಲ. ಅದು ಅಧ್ಯಕ್ಷರು ಫೋನಲ್ಲಿ ಹೇಳಿದ್ದು. ಅವರ ಮಾತನ್ನು ಅವರನ್ನು ಕೇಳದೆ ಸಿನಿಮಾಕ್ಕೆ ಹಾಕಿದ್ದು ನನ್ನ ತಪ್ಪು. ಅದಕ್ಕೆ ಕ್ಷಮೆ ಕೇಳ್ತೇನೆ."

ಅಷ್ಟೇ ಹೇಳಿ ಇಳಿದು ಬಂದರು. ನಾನೂ ನನ್ನ ಗಂಡನೂ ಚಪ್ಪಾಳೆ ತಟ್ಟಿದೆವು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬರು ತಟ್ಟಿದರು. ಉಳಿದ ಇಡೀ ಸಭೆ ತಂತಮ್ಮ ಮೊಬೈಲು ನೋಡಿಕೊಂಡಿತು. ನಿರೂಪಕಿ ಮುಂದಿನ ನೃತ್ಯವನ್ನು ಕರೆದಳು.

ಅವರನ್ನು ಊರಿಗೆ ಕಳಿಸಿಬಿಟ್ಟರು. ವಿಮಾನ ನಿಲ್ದಾಣಕ್ಕೆ ನಾವೇ ಬಿಟ್ಟು ಬಂದೆವು. ಡಿಸ್ಕನ್ನು ನನ್ನ ಮಗಳಿಗೆ ಕೊಡಲು ಬಂದರೆ ಅವಳು ತೆಗೆದುಕೊಳ್ಳಲಿಲ್ಲ. "ನೀವಿಲ್ಲದೆ ಅದು ಬರೀ ಫ್ರೆಂಚ್ ಮಾಮಾ" ಎಂದಳು, ಕನ್ನಡದಲ್ಲೇ. ಅಣ್ಣ ಮುಖ ಗಂಟಿಕ್ಕಿಕೊಂಡೇ ಒಳಗೆ ಹೋದರು. ಊರಿನಲ್ಲಿ ಶಾಲೆಯ ವ್ಯಾನು ಓಡಿಸುತ್ತಿದ್ದರು. ಫೋನು ಮಾಡಿದರೆ ರಸ್ತೆಯ ಹೊಂಡಕ್ಕೂ ಪಂಚಾಯಿತಿಗೂ ಸೇರಿಸಿ ಬೈಯುತ್ತಿದ್ದರು. ಅದನ್ನು ಕೇಳಿದರೆ ನನಗೆ ಸಮಾಧಾನವಾಗುತ್ತಿತ್ತು.

ತೀರಿಕೊಂಡ ಮೇಲೆ ಸಂಘ ಶ್ರದ್ಧಾಂಜಲಿ ಸಭೆ ಕರೆಯಿತು. ಫಹಾಹೀಲ್‌ನ ಒಂದು ಹೋಟೆಲಿನ ಹಾಲ್. ಆಳೆತ್ತರದ ಬ್ಯಾನರಿನಲ್ಲಿ ಅಣ್ಣನ ಫೋಟೋ. ಅವರನ್ನು ಒಂದೇ ಒಂದು ಸಲವೂ ಮನೆಗೆ ಕರೆದು ಉಣ್ಣಿಸದವರು ಅವರ ಗುಣಗಾನ ಮಾಡಿದರು. ಅಧ್ಯಕ್ಷರು ಕೊನೆಗೆ ಮಾತಾಡಿದರು. "ನಮ್ಮ ಸಂಘ ಬೆಳೆಸಿದ ಕಲಾವಿದ" ಎಂದರು. "ಮನೆಯವರ ನೆನಪಾಗಿ ಊರಿಗೆ ಹೋಗಿಯೇ ಹೋಗ್ತೇನೆ ಅಂತ ಹಟ ಹಿಡಿದರು, ನಾನು ಎಷ್ಟು ತಡೆದರೂ ನಿಲ್ಲಲಿಲ್ಲ" ಎಂದರು.

ನಾನು ಎದ್ದು, ನನಗೂ ಮಾತಾಡಬೇಕು ಎಂದೆ. ಕಾರ್ಯದರ್ಶಿ ಹತ್ತಿರ ಬಂದು ಪಿಸುಗುಟ್ಟಿದರು: "ಸಿಸ್ಟರ್, ಸಮಯ ಆಯ್ತು. ಹಾಲ್ ಬಿಟ್ಟುಕೊಡಬೇಕು." ಮೈಕನ್ನು ಸ್ಟ್ಯಾಂಡಿನಿಂದ ತೆಗೆದು ಅಧ್ಯಕ್ಷರ ಮುಂದೆ ಇಟ್ಟರು.

"ಈಗ ಎಲ್ಲರೂ ಎದ್ದು ನಿಂತು ಒಂದು ನಿಮಿಷ ಮೌನ ಆಚರಿಸೋಣ" ಎಂದರು ಅಧ್ಯಕ್ಷರು.

ಎಲ್ಲರೂ ಎದ್ದು ತಲೆ ತಗ್ಗಿಸಿದರು. ಎಸಿಯ ಸದ್ದು ಬಿಟ್ಟರೆ ಹಾಲ್ ನಿಶ್ಶಬ್ದ. ಆ ನಿಶ್ಶಬ್ದದಲ್ಲಿ ಮೈಕು ಬೇಕಾಗಿರಲಿಲ್ಲ. ನಾನು ಮಾತಾಡತೊಡಗಿದೆ.

ಶಿವಪ್ಪನ ಹೆಸರಿನಿಂದಲೇ ಶುರು ಮಾಡಿದೆ. ಅವನ ರಕ್ತದೊತ್ತಡ ಸರಿ ಇತ್ತು ಎಂದೆ. ತಗಡಿನ ಅಡಿಯಲ್ಲಿ ಅವನು ಬಿದ್ದದ್ದು, ಬಸ್ಸಿನಲ್ಲಿ ಎಲ್ಲರೂ ಫೋನಿನಲ್ಲಿ ಕೇಳಿದ ಮಾತು, ಆ ಮಾತು ಯಾರದೆಂಬುದು, ರೂಟ್ ಬಿಟ್ಟದ್ದು ಯಾರೆಂಬುದು, ಎಲ್ಲ ಹೇಳಿದೆ. ಪೊಲೀಸರಿಗೆ ದೂರು ಹೋದದ್ದು ಎಲ್ಲಿಂದ, ಇಕಾಮಾ ಕ್ಯಾನ್ಸಲ್ ಮಾಡಿಸಿದ್ದು ಯಾರು ಎಂದೂ ಹೇಳಿದೆ. ಕ್ಲಿನಿಕ್ಕಿನ ಕೆಲಸ ಹೋದರೆ ಹೋಗಲಿ ಎಂದು ಬರುವ ಮೊದಲೇ ನಾನೂ ನನ್ನ ಗಂಡನೂ ಮಾತಾಡಿಕೊಂಡಿದ್ದೆವು. ನನ್ನ ಮಗಳು ಪಕ್ಕದಲ್ಲಿ ನಿಂತು ನನ್ನ ಬುರ್ಖಾದ ತೋಳನ್ನು ಬಿಗಿಯಾಗಿ ಹಿಡಿದಿದ್ದಳು.

ನನ್ನನ್ನು ಯಾರೂ ತಡೆಯಲಿಲ್ಲ. ತಡೆಯಬೇಕಾದರೆ ಬಾಯಿ ತೆರೆಯಬೇಕು, ಮೃತರಿಗೆ ಅಗೌರವವಾಗುತ್ತದೆ. ಕಾರ್ಯದರ್ಶಿ ಗಡಿಯಾರ ನೋಡಿಕೊಂಡರು. ಮುಂದಿನ ಸಾಲಿನವರು ತಗ್ಗಿಸಿದ ತಲೆಯನ್ನು ಇನ್ನಷ್ಟು ತಗ್ಗಿಸಿದರು. ಹಿಂದೆ ಬಾಗಿಲ ಬಳಿ ಮಹಬೂಲಾದಿಂದ ಬಂದಿದ್ದ ಕೆಲಸಗಾರರು ಮಾತ್ರ ತಲೆ ಎತ್ತಿ ನೋಡುತ್ತಿದ್ದರು.

ನಿಮಿಷ ಮುಗಿಯಿತೆಂದು ಹೇಳಬೇಕಾದವರು ಅಧ್ಯಕ್ಷರು. ಅವರು ತಲೆ ಎತ್ತಲಿಲ್ಲ. ನಾನೂ ನಿಲ್ಲಿಸಲಿಲ್ಲ.